ಸೇಫ್ಟಿ ಫ್ಯಾಕ್ಟರ್ 1.6, ಆದರೂ ನೆತ್ತಿಯಲ್ಲಿ ಬಿರುಕು

ಸ್ಕ್ರೀನ್ ಮೇಲೆ ಸೇಫ್ಟಿ ಫ್ಯಾಕ್ಟರ್ 1.6 ಬಂದಿತ್ತು. ಅಂದರೆ ಇಳಿಜಾರು ನಿಲ್ಲಲು ಬೇಕಾದದ್ದರ 1.6 ಪಟ್ಟು ಬಲ ಬಂಡೆಯಲ್ಲಿದೆ; 1ಕ್ಕಿಂತ ಕೆಳಗಿಳಿದರೆ ಕುಸಿತ. ಅದೇ ದಿನ ಸೈಟಿನಿಂದ ಒಂದು ಫೋಟೋ ಬಂತು. ಇಳಿಜಾರಿನ ನೆತ್ತಿಯ ಸ್ವಲ್ಪ ಹಿಂದೆ, ಕೈ ತೂರುವಷ್ಟು ಅಗಲದ ಬಿರುಕು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಅದು ಫೋಟೋ ಅಂತೂ ಅಲ್ಲ.

ಬಂಡೆ ಕಡಿದು ಮಾಡಿದ ಇಳಿಜಾರು ಅದು. ಎತ್ತರ 60 ಮೀಟರ್, ಕೋನ 65 ಡಿಗ್ರಿ. ನಾನು ಮೊದಲು ಮಾಡಿದ್ದು ಫೈನೈಟ್ ಎಲಿಮೆಂಟ್ ಮಾಡೆಲ್, ಅಂದರೆ ಗುಡ್ಡದ ಮೇಲೆ ಸಣ್ಣ ಸಣ್ಣ ತುಂಡುಗಳ ಬಲೆ (ಮೆಶ್) ಹಾಕಿ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದು. ಇಡೀ ಗುಡ್ಡವನ್ನು ಒಂದೇ ಮುದ್ದೆ ಅಂದುಕೊಂಡು, ಬಂಡೆಯ ಬಲ ಅಂದಾಜಿಸುವ ಹೋಕ್-ಬ್ರೌನ್ ಸೂತ್ರದ ಬಲ ಕೊಟ್ಟಿದ್ದೆ. ಆಮೇಲೆ ಆ ಬಲವನ್ನು ಒಂದು ಸಂಖ್ಯೆಯಿಂದ ಭಾಗಿಸುತ್ತಾ ಹೋಗುವುದು, ಯಾವ ಸಂಖ್ಯೆಗೆ ಮಾಡೆಲ್ ಕುಸಿಯುತ್ತದೋ ಅದೇ ಸೇಫ್ಟಿ ಫ್ಯಾಕ್ಟರ್. ಮೊದಲ ಸಲ 1ಕ್ಕಿಂತ ಕೆಳಗೆ ಬಂದಿತ್ತು. ಸ್ಫೋಟದ ಹಾನಿ ತೋರಿಸುವ ಡಿ ಅಂಶವನ್ನು ಇಡೀ ಗುಡ್ಡಕ್ಕೇ 1, ಅಂದರೆ ಪೂರ್ತಿ ಹಾನಿ, ಅಂತ ಕೊಟ್ಟುಬಿಟ್ಟಿದ್ದೆ. ಸ್ಫೋಟದ ಪೆಟ್ಟು ಬೀಳುವುದು ಮುಖದ ಹತ್ತಿರದ ಬಂಡೆಗೆ, ಒಳಗಿನದಕ್ಕಲ್ಲ. ಅಷ್ಟು ಭಾಗಕ್ಕೆ ಮಾತ್ರ ಕೊಟ್ಟು ಸರಿಮಾಡಿದಾಗ 1.6 ಬಂತು. ತಪ್ಪು ಹಿಡಿದೆ ಅನ್ನೋ ಖುಷಿಯಲ್ಲಿ ಅಲ್ಲೇ ನಿಂತುಬಿಟ್ಟೆ.

ಫೋಟೋ ನೋಡಿದ ಮೇಲೆ ಫೀಲ್ಡ್ ಪುಸ್ತಕ ತೆಗೆದೆ. ನಾನೇ ಬರೆದ ಸಾಲುಗಳು. ಒಂದು ಗುಂಪಿನ ಜಾಯಿಂಟ್‌ಗಳು (ಬಂಡೆಯೊಳಗಿನ ಸಹಜ ಸೀಳುಗಳು) ಗುಡ್ಡದ ಒಳಕ್ಕೆ 75 ಡಿಗ್ರಿ ವಾಲಿವೆ, ಒಂದೂವರೆ ಮೀಟರಿಗೊಂದು. ಒಳಕ್ಕೆ ವಾಲಿದ್ದರೆ ಹೊರಗೆ ಜಾರಲ್ಲ ಅಲ್ವಾ ಅಂತ ಬಿಟ್ಟಿದ್ದೆ. ಜಾರುವುದಿಲ್ಲ ನಿಜ, ಆದರೆ ಮಗುಚಬಹುದು. ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳ ಪಕ್ಕದ ಆಸರೆ ತೆಗೆದರೆ ಒಂದರ ಹಿಂದೊಂದು ವಾಲುತ್ತವಲ್ಲ, ಹಾಗೆ. ಇದಕ್ಕೆ ಕಂಪ್ಯೂಟರ್ ಕೂಡ ಬೇಡ. 90ರಲ್ಲಿ 75 ಕಳೆದರೆ 15. ಜಾಯಿಂಟಿನ ಘರ್ಷಣೆ ಕೋನ (ಎಷ್ಟು ವಾಲಿಸಿದರೆ ಜಾರತೊಡಗುತ್ತದೋ ಆ ಕೋನ) 32 ಸೇರಿಸಿದರೆ 47. ಇಳಿಜಾರು ಇದಕ್ಕಿಂತ ಕಡಿದಾಗಿದ್ದರೆ ಪದರಗಳು ಒಂದನ್ನೊಂದು ಉಜ್ಜಿಕೊಂಡು ಮುಂದಕ್ಕೆ ಬಾಗಲು ದಾರಿ ಇದೆ ಅಂತ ಅರ್ಥ. ನಮ್ಮದು 65. ಎರಡು ನಿಮಿಷದ ಲೆಕ್ಕ. ನಾನು ಮೆಶ್ ಸಣ್ಣದು ಮಾಡುತ್ತಾ ಎರಡು ವಾರ ಕಳೆದಿದ್ದೆ.

ಮುದ್ದೆ ಮಾಡೆಲ್‌ನಲ್ಲಿ ಮಗುಚಲು ಜಾಯಿಂಟುಗಳ ನಡುವಿನ ಕಂಬಗಳೇ ಇರಲಿಲ್ಲ. ಹಾಗಾಗಿ ಡಿಸ್ಟಿಂಕ್ಟ್ ಎಲಿಮೆಂಟ್ ವಿಧಾನಕ್ಕೆ ಹೋದೆ. 1971ರಲ್ಲಿ ಪೀಟರ್ ಕುಂಡಾಲ್ ಮುಂದಿಟ್ಟ ವಿಧಾನ ಇದು. ಬಂಡೆ ಬಿಡಿ ಬಿಡಿ ಬ್ಲಾಕ್‌ಗಳಾಗಿ ಇರುತ್ತದೆ, ಅವು ಜಾರಬಹುದು, ತಿರುಗಬಹುದು, ಪೂರ್ತಿ ಬಿಟ್ಟುಕೊಳ್ಳಲೂಬಹುದು.

ಇಲ್ಲಿ ನನ್ನನ್ನು ಸತಾಯಿಸಿದ್ದು ಜಾಯಿಂಟಿನ ಬಿಗಿತ, ಅಂದರೆ ಒತ್ತಿದರೆ ಅದು ಎಷ್ಟು ಬಗ್ಗದೆ ನಿಲ್ಲುತ್ತದೆ ಅನ್ನುವುದು. ಗಟ್ಟಿ ಬಂಡೆ ತಾನೇ ಅಂತ ಸುಮ್ನೆ ಮೀಟರಿಗೆ 10,000 ಗಿಗಾಪಾಸ್ಕಲ್ ಹಾಕಿದೆ. ರಾತ್ರಿ ಓಡಲು ಬಿಟ್ಟು ಮಲಗಿದರೆ ಬೆಳಿಗ್ಗೆಯೂ ಓಡುತ್ತಲೇ ಇತ್ತು. ಬಿಗಿತ ಹೆಚ್ಚಿದಷ್ಟೂ ಲೆಕ್ಕದ ಒಂದೊಂದು ಹೆಜ್ಜೆ ಚಿಕ್ಕದಾಗುತ್ತದೆ, ಬಿಗಿತದ ವರ್ಗಮೂಲದ ಲೆಕ್ಕದಲ್ಲಿ. ಬಳಕೆಯಲ್ಲಿರುವ ಒಂದು ನಿಯಮ ಹೀಗಿದೆ: ಬಂಡೆಯ ಬಲ್ಕ್ ಮಾಡ್ಯುಲಸ್‌ಗೆ (ಸುತ್ತಲೂ ಒತ್ತಿದಾಗಿನ ಬಿಗಿತ) ಶಿಯರ್ ಮಾಡ್ಯುಲಸ್‌ನ (ಓರೆಯಾಗಿ ತಳ್ಳಿದಾಗಿನ ಬಿಗಿತ) ಮೂರನೇ ನಾಲ್ಕು ಪಾಲು (4/3) ಕೂಡಿಸಿ, ಅತಿ ಸಣ್ಣ ಜೋನ್‌ನ (ಬ್ಲಾಕ್ ಒಳಗಿನ ಲೆಕ್ಕದ ತುಂಡು) ಅಳತೆಯಿಂದ ಭಾಗಿಸಿ, ಹತ್ತರಿಂದ ಗುಣಿಸಿ. ಬಿಗಿತ ಅದನ್ನು ದಾಟಬೇಕಿಲ್ಲ. ನನ್ನದು 10 ಮತ್ತು 6 ಗಿಗಾಪಾಸ್ಕಲ್, ಜೋನ್ 1 ಮೀಟರ್. 10ಕ್ಕೆ 8 ಕೂಡಿಸಿದರೆ 18, ಹತ್ತು ಪಟ್ಟು ಅಂದರೆ 180. ನಾನು ಹಾಕಿದ್ದು ಅದರ ಐವತ್ತು ಪಟ್ಟಿಗೂ ಜಾಸ್ತಿ! ಸರಿಮಾಡಿದ ಮೇಲೆ ಮಧ್ಯಾಹ್ನದ ಊಟದೊಳಗೆ ಮುಗಿಯಿತು.

ಇನ್ನೊಂದು ಚಿಕ್ಕ ಮಾತು. ಮೊದಲು ಗುಡ್ಡವನ್ನು ಕಡಿಯದೆ ತನ್ನ ಭಾರಕ್ಕೆ ಕೂರಿಸಿ, ಆಮೇಲೆ ಸ್ಥಳಾಂತರಗಳನ್ನು (ಆವರೆಗೆ ಬಂಡೆ ಸರಿದ ದೂರ) ಸೊನ್ನೆ ಮಾಡಿ, ನಂತರ ಮೇಲಿಂದ ಹಂತ ಹಂತವಾಗಿ ಕಡಿಯಬೇಕು. ಸೊನ್ನೆ ಮಾಡಲು ಮರೆತು ಒಂದು ಸಂಜೆ ಭಯಂಕರ ಅಂಕಿಗಳನ್ನು ನೋಡಿ ಬೆವತಿದ್ದೆ.

ಒಣ ಸ್ಥಿತಿಯಲ್ಲಿ ಸೇಫ್ಟಿ ಫ್ಯಾಕ್ಟರ್ 1.18. ಅದಕ್ಕಿಂತ ನನಗೆ ಮುಖ್ಯವಾಗಿದ್ದು ಮಾಡೆಲ್‌ನಲ್ಲಿ ಬಿರುಕು ಬಾಯಿ ಬಿಟ್ಟ ಜಾಗ. ಫೋಟೋದ ಬಿರುಕಿಗೂ ಅದಕ್ಕೂ ಇದ್ದ ಅಂತರ ಎರಡು ಕಂಬದಷ್ಟು. ಆಗ ಮಾತ್ರ ನೀರು ಹಾಕಿದೆ. 8 ಮೀಟರ್ ಆಳದ ಬಿರುಕು ಅರ್ಧ ತುಂಬಿದರೆ, ಮೀಟರ್ ಅಗಲಕ್ಕೆ ಸುಮಾರು 78 ಕಿಲೋನ್ಯೂಟನ್ ತಳ್ಳು. ಪೂರ್ತಿ ತುಂಬಿದರೆ 314. ನೀರು ಎರಡು ಪಟ್ಟು, ತಳ್ಳು ನಾಲ್ಕು ಪಟ್ಟು. ಹಿಂದಿನ ಜಾಯಿಂಟ್‌ಗಳಲ್ಲೂ ನೀರು ನಿಂತರೆ ಪ್ರತಿ ಕಂಬವೂ ಮುಂದಿನದನ್ನು ದೂಡುತ್ತದೆ.

ವರದಿಯಲ್ಲಿ ಒಂದೇ ಸಂಖ್ಯೆ ಬರೆಯಲಿಲ್ಲ. ನೀರಿನ ಮಟ್ಟ ಏರಿದಂತೆ ಸೇಫ್ಟಿ ಫ್ಯಾಕ್ಟರ್ ಹೇಗೆ ಇಳಿಯುತ್ತದೆ ಅಂತ ಒಂದು ಗೆರೆ ಎಳೆದು ಕೊಟ್ಟೆ. ಬಿರುಕಿನ ಬಾಯಿ ಮುಚ್ಚಿದರು, ಮೇಲೆ ಚರಂಡಿ ತೋಡಿದರು, ಮುಖದಿಂದ ಒಳಕ್ಕೆ ಅಡ್ಡ ರಂಧ್ರ ಕೊರೆದರು. ಮೊದಲೆರಡು ರಂಧ್ರ ಒಣಗಿದ್ದವು. ಮೂರನೆಯದರಿಂದ ಎರಡು ದಿನ ನೀರು ಸುರಿಯಿತು.