ತಲೆ ಕೆರೆದರೆ ಎಲ್ಲವೂ ಹೊಟ್ಟಲ್ಲ, ಗುರುತಿಸುವುದು ಹೀಗೆ

ಭುಜದ ಮೇಲೆ ಬಿಳಿ ಪುಡಿ ಕಂಡ ತಕ್ಷಣ ಸುಮ್ನೆ ಎಣ್ಣೆ ಹಚ್ಚಬೇಡಿ. ಮೊದಲು ಒಳ್ಳೆ ಬೆಳಕಿನಲ್ಲಿ ಬೈತಲೆ ತೆಗೆದು ನೋಡಿ. ಚೂರುಗಳು ಸಣ್ಣಗೆ, ಒಣಗಿದ್ದು ಕೈಕಾಲಿನ ಚರ್ಮವೂ ಬಿರಿದಿದ್ದರೆ ಅದು ಬರೀ ಒಣ ನೆತ್ತಿ. ತುಂಬಾ ಬಿಸಿ ನೀರು ಹಾಕಬೇಡಿ, ಶಾಂಪೂ ಕಡಿಮೆ ಮಾಡಿ.

ಚೂರುಗಳು ದೊಡ್ಡದಾಗಿ, ಜಿಡ್ಡಾಗಿ, ಸ್ವಲ್ಪ ಹಳದಿಯಾಗಿದ್ದರೆ ಅದು ಹೊಟ್ಟು. ಹುಬ್ಬು, ಮೂಗಿನ ಪಕ್ಕದಲ್ಲೂ ಸಿಪ್ಪೆ ಏಳಬಹುದು. ಇದರ ಹಿಂದಿರುವ ಮಲಸೀಜಿಯಾ ಎಂಬ ಶಿಲೀಂಧ್ರ ನೆತ್ತಿಯ ಜಿಡ್ಡನ್ನೇ ತಿಂದು ಬದುಕುತ್ತದೆ, ಹಾಗಾಗಿ ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹೊಟ್ಟು ಜಾಸ್ತಿಯೇ ಆಗಬಹುದು, ಕಡಿಮೆಯಾಗುವುದಿಲ್ಲ. ಶಿಲೀಂಧ್ರ ತಡೆಯುವ ಔಷಧಿಯಾದ ಕೀಟೊಕೊನಜೋಲ್ 2% ಇರುವ ಶಾಂಪೂ ವಾರಕ್ಕೆ 2 ಸಲ ನೆತ್ತಿಗೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. ಈ 5 ನಿಮಿಷವೇ ಮುಖ್ಯ, ಹೆಚ್ಚಿನವರು ತಪ್ಪುವುದೇ ಇಲ್ಲಿ.

ದಪ್ಪ, ಬೆಳ್ಳಿ ಬಣ್ಣದ ಪದರ ಹಣೆಯವರೆಗೂ ಇಳಿದಿದೆಯಾ? ಮೊಣಕೈ, ಮಂಡಿಯಲ್ಲೂ ಇದೆಯಾ? ಸೋರಿಯಾಸಿಸ್ ಇರಬಹುದು, ಅದು ಅಂಟುವ ಕಾಯಿಲೆಯಲ್ಲ. ಹೇರ್ ಡೈ ಹಚ್ಚಿದ ಮೇಲೆ ಕಿವಿ, ಹಣೆ ಊದಿ ಉರಿದರೆ ಅಲರ್ಜಿ.

ಮಕ್ಕಳಾದರೆ ಕಿವಿಯ ಹಿಂದೆ, ಕತ್ತಿನ ಹತ್ತಿರ ನೋಡಿ. ಕೊಡವಿದರೂ ಉದುರದೆ ಕೂದಲಿಗೆ ಅಂಟಿದ ಬಿಳಿ ಚುಕ್ಕೆ ಸೀರು, ಅಂದರೆ ಹೇನಿನ ಮೊಟ್ಟೆ. ಕೂದಲು ತುಂಡಾಗಿ ಅಲ್ಲಲ್ಲಿ ಬೋಳಾಗಿದ್ದರೆ ಹುಳುಕಡ್ಡಿ ಇರಬಹುದು. ಅದಕ್ಕೆ ಮುಲಾಮು ಸಾಲದು, ಮಾತ್ರೆ ಬೇಕಾಗುತ್ತದೆ, ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ.