ನಿಮ್ಮನೆ ಮಾಬ್ಲೇಶ್ವರ ಯಾವ ಊರಿನ ದೇವರು? ಹೆಸರಿನ ಬೇರು ಹುಡುಕುವ ಬಗೆ

ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಮದುವೆಮನೆಯಲ್ಲಿ ನಿಂತು "ಮಾಬ್ಲಣ್ಣಾ" ಅಂತ ಕೂಗಿ ನೋಡಿ, ಇಬ್ಬರು ಮೂವರಾದರೂ ತಿರುಗುತ್ತಾರೆ. ಶಾಲೆ ದಾಖಲೆಯಲ್ಲಿ ಮಹಾಬಲೇಶ್ವರ, ಊರಿನ ಬಾಯಲ್ಲಿ ಮಾಬ್ಲೇಶ್ವರ, ಮನೆಯೊಳಗೆ ಬರೀ ಮಾಬ್ಲ. ಅರ್ಥ ಕೇಳಿದರೆ "ದೊಡ್ಡ ಬಲ ಇರುವ ದೇವರು" ಅಂತ ಹೇಳಿ ಮುಗಿಸುತ್ತಾರೆ. ಅದು ತಪ್ಪಲ್ಲ, ಆದರೆ ಈ ಒಂದು ಹೆಸರಿನ ಹಿಂದೆ ಬೇರೆ ಬೇರೆ ಊರುಗಳ, ಬೇರೆ ಬೇರೆ ದೇವರುಗಳ ಕಥೆ ಇದೆ. ನಿಮ್ಮ ಮನೆಗೆ ಬಂದಿದ್ದು ಯಾವುದು ಅಂತ ನಿಘಂಟು ಹೇಳುವುದಿಲ್ಲ, ನೀವೇ ಹುಡುಕಬೇಕು.

ಮೊದಲು ಮನೆಯ ಕಾಗದ ತೆಗೆಯಿರಿ. ಜಾತಕ, ಶಾಲೆ ಬಿಟ್ಟ ಸರ್ಟಿಫಿಕೇಟು, ಪಹಣಿ, ಹಳೇ ಮದುವೆ ಕರೆಯೋಲೆ, ಯಾವುದು ಸಿಕ್ಕಿದರೂ ಸರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. 1862ರಿಂದ 1956ರವರೆಗೆ ನಾವು ಮುಂಬೈ ಆಡಳಿತದಲ್ಲಿ ಇದ್ದವರು, ಅಲ್ಲಿನ ಹಾಗೆ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಪೂರ್ತಿ ಬರೆಯುವ ರೂಢಿ ಇಲ್ಲಿ ಗಟ್ಟಿಯಾಗಿದೆ. "ಮಹಾಬಲೇಶ್ವರ ಗಣಪತಿ ಹೆಗಡೆ" ಅಂತ ಒಂದು ಕಾಗದ, "ಗಣಪತಿ ಮಹಾಬಲೇಶ್ವರ ಹೆಗಡೆ" ಅಂತ ಇನ್ನೊಂದು ಸಿಕ್ಕಿದರೆ ಅಜ್ಜನ ಹೆಸರು ಮೊಮ್ಮಗನಿಗೆ ಬಂದಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಮೊಮ್ಮಗನ ಹೆಸರಿನ ಅರ್ಥ ಹುಡುಕಿ ಉಪಯೋಗವಿಲ್ಲ. ಆ ಹೆಸರು ಮೊದಲು ಯಾರಿಗೆ ಇಟ್ಟರೋ ಅವರವರೆಗೆ ಹಿಂದೆ ಹೋಗಿ.

ಆಮೇಲೆ ಹೆಸರನ್ನು ಬಿಡಿಸಿ. ಮಹಾಬಲ, ಈಶ್ವರ. ಇವೆರಡೂ ಎರಡು ರೀತಿ ಕೂಡುತ್ತವೆ: ಮಹಾಬಲನೇ ಆಗಿರುವ ಈಶ್ವರ ಅನ್ನಬಹುದು, ಮಹಾಬಲ ಅನ್ನುವವನ ಈಶ್ವರ ಅಂತಲೂ ಅನ್ನಬಹುದು. ಇದನ್ನು ಸುಮ್ನೆ ವ್ಯಾಕರಣ ಅಂತ ದಾಟಿಬಿಡಬೇಡಿ. ಕಥೆ ಬೇರೆಯಾಗುವುದೇ ಇಲ್ಲಿ.

ಗೋಕರ್ಣದ್ದು ಮೊದಲನೇ ರೀತಿ. ರಾವಣ ಆತ್ಮಲಿಂಗ ಹೊತ್ತು ಲಂಕೆಗೆ ಹೊರಟಿದ್ದ. ದಾರಿಯಲ್ಲಿ ಅದನ್ನು ನೆಲಕ್ಕೆ ಇಡುವ ಹಾಗಿಲ್ಲ. ಸಂಜೆಯಾಯಿತು ಅಂತ ಸಂಧ್ಯಾವಂದನೆಗೆ ಹೋಗುವಾಗ ಒಬ್ಬ ಮಾಣಿಯ, ಅಂದರೆ ಹುಡುಗನ, ಕೈಗೆ ಕೊಟ್ಟ. ಮಾಣಿ ವೇಷದಲ್ಲಿದ್ದ ಗಣಪತಿ ಮೂರು ಸಲ ಕರೆದು, ರಾವಣ ಬಾರದ್ದಕ್ಕೆ ನೆಲಕ್ಕೆ ಇಟ್ಟೇಬಿಟ್ಟ. ರಾವಣ ಓಡಿ ಬಂದು ಎಷ್ಟು ಎಳೆದರೂ ಲಿಂಗ ಏಳಲಿಲ್ಲ. ರಾವಣನ ತೋಳಿಗೂ ಬಗ್ಗದ್ದು, ಅದಕ್ಕೇ ಮಹಾಬಲ. ಇವತ್ತಿಗೂ ಗರ್ಭಗುಡಿಯಲ್ಲಿ ಕೈ ಒಳಗೆ ಹಾಕಿದರೆ ಬೆರಳಿಗೆ ತಾಗುವುದು ಲಿಂಗದ ತುದಿ ಅಷ್ಟೇ. ಆತ್ಮಲಿಂಗದ ಮೇಲಿನ ಹೊದಿಕೆ, ದಾರ ಬಿದ್ದ ಜಾಗಗಳು ಅಂತ ಮುರ್ಡೇಶ್ವರ, ಧಾರೇಶ್ವರ, ಗುಣವಂತೆ, ಕಾರವಾರದ ಹತ್ತಿರದ ಶೆಜ್ಜೇಶ್ವರಗಳ ಹೆಸರು ಹೇಳುತ್ತಾರೆ. ಅಂದರೆ ನಮ್ಮ ಕರಾವಳಿ ಪೂರ್ತಿ ಈ ಒಂದು ಹೆಸರಿಗೆ ಸಾಕ್ಷಿ.

ಮಹಾರಾಷ್ಟ್ರದ ಮಹಾಬಲೇಶ್ವರದ್ದು ಬೇರೆಯೇ ಕಥೆ. ಕೃಷ್ಣಾ ನದಿ ಹುಟ್ಟುವ ಊರು ಅದು. ಅಲ್ಲಿ ಮಹಾಬಲ ಒಬ್ಬ ರಾಕ್ಷಸ, ಅತಿಬಲ ಅವನ ತಮ್ಮ. ಸಾಯುವಾಗ ಮಹಾಬಲ ಬೇಡಿಕೊಂಡಿದ್ದಕ್ಕೆ ಅವನ ಹೆಸರು ಆ ಜಾಗದ ದೇವರಿಗೆ ಉಳಿಯಿತು. ಹಾಗಾಗಿ ಅಲ್ಲಿಯವನು ಮಹಾಬಲನ ಈಶ್ವರ. ಕಾರವಾರದ ಕಡೆ ಮರಾಠಿ ನಂಟು ಇರುವ ಮನೆಯಾದರೆ ಈ ದಾರಿಯನ್ನೂ ನೋಡಿ. ಮೈಸೂರು ಕಡೆಯಿಂದ ಬಂದ ಮನೆತನವಾದರೆ ಚಾಮುಂಡಿ ಬೆಟ್ಟ ನೆನಪಿರಲಿ. ಅದರ ಹಳೇ ಹೆಸರು ಮಹಾಬಲಾದ್ರಿ, ಅಲ್ಲಿನ ಮಹಾಬಲೇಶ್ವರ ಗುಡಿ ಚಾಮುಂಡೇಶ್ವರಿ ಗುಡಿಗಿಂತ ಹಳೆಯದು.

ಹೆಸರಿನ ಕೊನೆಗೆ ಈಶ್ವರ ಇಲ್ಲದಿದ್ದರೆ ಇನ್ನೂ ಹುಷಾರಾಗಿರಿ. ಬರೀ ಮಹಾಬಲ ಅಂದರೆ ಶಿವನೇ ಅಂತಿಲ್ಲ. ವಿಷ್ಣು ಸಹಸ್ರನಾಮದಲ್ಲಿ "ಮಹೋತ್ಸಾಹೋ ಮಹಾಬಲಃ" ಅಂತ ಬರುತ್ತದೆ, ಹನುಮಂತನ ಹನ್ನೆರಡು ಹೆಸರುಗಳಲ್ಲೂ ಮಹಾಬಲ ಇದೆ. ಜೈನರ ಮನೆಯಾದರೆ ಮತ್ತೊಂದು ದಾರಿ: ಆದಿನಾಥನ ಹಿಂದಿನ ಜನ್ಮಗಳಲ್ಲಿ ಒಂದರ ಹೆಸರು ಮಹಾಬಲ, ವಿದ್ಯಾಧರರ ರಾಜ. ಸೋದೆ, ಗೇರುಸೊಪ್ಪೆಯಂಥ ಹಳೇ ಜೈನ ನೆಲೆಗಳಿರುವ ಜಿಲ್ಲೆಯಲ್ಲಿ ಇದನ್ನು ಬಿಡುವ ಹಾಗಿಲ್ಲ ಅಲ್ವಾ? ಆದರೂ ಇಲ್ಲಿ ಚಿಕ್ಕದಾಗಿ ಕರೆಯುವ ರೂಢಿ ಇರುವುದರಿಂದ ಮಹಾಬಲ ಅಂತ ಕರೆಸಿಕೊಳ್ಳುವವರು ಕಾಗದದಲ್ಲಿ ಮಹಾಬಲೇಶ್ವರ ಆಗಿರಬಹುದು, ಒಮ್ಮೆ ನೋಡಿಬಿಡಿ.

ಒಂದು ತಪ್ಪು ತುಂಬಾ ಕಡೆ ಕಾಣುತ್ತದೆ. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಮಹಾಬಲ ಮತ್ತು ಮಹಾಬಲಿಯನ್ನು ಒಂದೇ ಮಾಡಿಬಿಡುತ್ತಾರೆ. ದೀಪಾವಳಿಗೆ ನಾವು ಕೂರಿಸುವ ಬಲೀಂದ್ರನೇ ಮಹಾಬಲಿ. ಅವನಿಗೂ ಗೋಕರ್ಣದ ಲಿಂಗಕ್ಕೂ ಸಂಬಂಧವಿಲ್ಲ.

ಇನ್ನು ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಸುಳಿವು ಕೊಡುವುದು ಒಡಹುಟ್ಟಿದವರ ಹೆಸರು. ಅಣ್ಣ ಗಣಪತಿ, ತಮ್ಮ ಮಾಬ್ಲೇಶ್ವರ, ತಂಗಿ ಗೌರಿ ಅಂತಿದ್ದರೆ ಗೋಕರ್ಣದ ಕಡೆಗೇ ನೋಡಿ, ಅಲ್ಲಿನ ಅಮ್ಮನವರು ತಾಮ್ರಗೌರಿ. ಅಕ್ಕ ತಂಗಿಯರ ಹೆಸರನ್ನು ಬಿಟ್ಟು ಬರೀ ಗಂಡಸರ ಹೆಸರು ಬರೆದುಕೊಂಡರೆ ಅರ್ಧ ಸುಳಿವು ಹೋದ ಹಾಗೇ.

ಕೊನೆಗೆ ಮನೆಯ ಹಿರಿಯರ ಹತ್ತಿರ ಕೂತು ಕೇಳಿ. "ಹೆಸರಿನ ಅರ್ಥ ಏನು" ಅಂತ ಕೇಳಬೇಡಿ, "ದೇವರ ಹೆಸರು" ಅಂದು ಸುಮ್ಮನಾಗುತ್ತಾರೆ. "ಅಜ್ಜಿ, ಅಜ್ಜ ಹುಟ್ಟುವ ಮೊದಲು ಯಾವ ದೇವರಿಗೆ ಹರಕೆ ಹೊತ್ತಿದ್ರು? ಮನೆದೇವರು ಯಾರು? ಶಿವರಾತ್ರಿಗೆ ಎಲ್ಲಿಗೆ ಹೋಗ್ತಿದ್ರಿ?" ಅಂತ ಕೇಳಿ. ಮಾತು ತಾನಾಗಿ ಬರುತ್ತದೆ. ಬಂದಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಪಕ್ಕದಲ್ಲಿ ಯಾರು ಹೇಳಿದ್ದು ಅಂತಲೂ ಬರೆಯಿರಿ. ಇಬ್ಬರು ಹೇಳಿದ್ದು ಬೇರೆ ಬೇರೆಯಾದರೆ ಎರಡನ್ನೂ ಇಟ್ಟುಕೊಂಡು ಮೊದಲು ತೆಗೆದ ಕಾಗದಗಳ ಜೊತೆ ತಾಳೆ ನೋಡಿ.