ಮೊದಲು ಟೇಲರ್ ಹತ್ತಿರ, ಆಮೇಲೆ ಬಟ್ಟೆ ಅಂಗಡಿಗೆ

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ. ಮೊದಲು ಮಷೀನ್ ಮೇಲಿದ್ದೆ. ಕಂಪನಿ ಕೊಟ್ಟ ನೀಲಿ ಯೂನಿಫಾರ್ಮ್ ಸಾಕಾಗುತ್ತಿತ್ತು. ಆಮೇಲೆ ಪರ್ಚೇಸ್ ವಿಭಾಗಕ್ಕೆ ಹಾಕಿದರು. ಪುಣೆ, ಕೊಲ್ಹಾಪುರದಿಂದ ಬರುವವರ ಎದುರು ಕೂತು ಮಾತಾಡಬೇಕು, ಆಗಾಗ ನಾನೂ ಅಲ್ಲಿಗೆ ಹೋಗಬೇಕು. ಸಂಬಳ ಮಾತ್ರ ಅಂಥಾ ಏನೂ ಏರಲಿಲ್ಲ. ಬಾಡಿಗೆ, ಮಗಳ ಶಾಲೆ ಫೀ ಕಳೆದರೆ ಬಟ್ಟೆಗೆ ಅಂತ ತಿಂಗಳಿಗೆ ಸಾವಿರ ರೂಪಾಯಿ ತೆಗೆದಿಡುವುದೇ ದೊಡ್ಡ ಮಾತು. ಆ ಸಾವಿರದಲ್ಲೇ ನನ್ನ ಕಪಾಟು ನಿಧಾನಕ್ಕೆ ಬದಲಾಯಿತು. ಜೊತೆಗಿರುವ ಹುಡುಗರು ಹೇಗೆ ಅಂತ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೊಸ ಬಟ್ಟೆಗಿಂತ ಇದ್ದ ಬಟ್ಟೆಯ ಅಳತೆ ಸರಿಮಾಡಿಸಲು ಜಾಸ್ತಿ ಖರ್ಚು ಮಾಡಿದೆ. ವಿಷಯ ಇಷ್ಟೇ. ಮೈಗೆ ಸರಿಯಾಗಿ ಕೂತ ನಾಲ್ಕು ನೂರರ ಅಂಗಿ, ಜೋತಾಡುವ ಎರಡು ಸಾವಿರದ ಅಂಗಿಗಿಂತ ಚೆಂದ ಕಾಣುತ್ತದೆ. ಎದುರಿಗೆ ಕೂತವರಿಗೆ ಬ್ರ್ಯಾಂಡ್ ಕಾಣುವುದಿಲ್ಲ, ಭುಜ ಕಾಣುತ್ತದೆ.

ಹೌದು, ಭುಜ. ಇದ್ದ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹಾಕಿ ಒಂದೊಂದೇ ತೊಟ್ಟು ಕನ್ನಡಿ ಮುಂದೆ ನಿಂತಾಗ ನಾನು ನೋಡಿದ್ದು ಅದೊಂದನ್ನೇ. ತೋಳಿನ ಹೊಲಿಗೆ ಭುಜದ ಎಲುಬು ಮುಗಿಯುವ ಜಾಗದಲ್ಲೇ ಕೂರಬೇಕು. ಅಲ್ಲಿಂದ ಕೆಳಗೆ ಇಳಿದಿದ್ದರೆ ಆ ಅಂಗಿ ಬೇರೆಯವರದ್ದು ಅನ್ನಿಸುತ್ತದೆ. ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆ ಹತ್ತಿರ ಒಬ್ಬ ವಯಸ್ಸಾದ ಟೇಲರ್ ಇದ್ದಾರೆ. ಕಾಕಾ ಅಂತಲೇ ಕರೆಯುತ್ತೇವೆ. ಅವರ ಮಾತು ಇದು: "ಭುಜ ಬರೋಬರಿ ಐತಿ ಅಂದ್ರ ಉಳಿದದ್ದು ನನಗ ಬಿಡ್ರಿ. ಭುಜಾನ ದೊಡ್ಡದಿದ್ರ ರೊಕ್ಕ ಹಾಕಬ್ಯಾಡ್ರಿ." ಭುಜ ಚಿಕ್ಕದು ಮಾಡಬೇಕೆಂದರೆ ತೋಳು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು. ಅಷ್ಟು ಕೂಲಿಗೆ ಇನ್ನೊಂದು ಅಂಗಿಯ ಬಟ್ಟೆಯೇ ಬಂದುಬಿಡುತ್ತದೆ. ಹಾಗಾಗಿ ಭುಜ ಸರಿ ಇಲ್ಲದ್ದನ್ನೆಲ್ಲ ಊರಿಗೆ ಕಳಿಸಿದೆ, ಹೊಲದ ಕೆಲಸಕ್ಕೆ ಆಗುತ್ತವೆ. ಭುಜ ಸರಿ ಇದ್ದದ್ದು ಕಾಕಾನ ಹತ್ತಿರ ಹೋಯಿತು.

ಅವರು ಕೆಲಸ ಮಾಡುವುದನ್ನು ನೋಡುತ್ತ ನಿಲ್ಲುವುದು ನನಗೆ ಬಹಳ ಇಷ್ಟ. ಅಂಗಿ ತೊಟ್ಟು ಕೈ ಇಳಿಬಿಟ್ಟು ನಿಲ್ಲಬೇಕು. ಹಿಂದೆ ಬಂದು ಎರಡೂ ಪಕ್ಕದಲ್ಲಿ ಸಡಿಲ ಬಟ್ಟೆ ಚಿವುಟಿ ಹಿಡಿದು ಟಾಚಣಿ, ಅಂದರೆ ಗುಂಡುಪಿನ್ನು, ಚುಚ್ಚುತ್ತಾರೆ. ಆಮೇಲೆ "ಕುಂದ್ರಿ" ಅನ್ನುತ್ತಾರೆ, "ಕೈ ಮುಂದ ಮಾಡ್ರಿ, ಗಾಡಿ ಹೊಡದಂಗ" ಅನ್ನುತ್ತಾರೆ. ಬೈಕ್ ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿದಾಗ ಬೆನ್ನು ಬಿಗಿದರೆ ಟಾಚಣಿ ತೆಗೆದು ಅರ್ಧ ಇಂಚು ಬಿಡುತ್ತಾರೆ. ರೆಡಿಮೇಡ್ ಅಂಗಡಿಯಲ್ಲಿ ಈ ಪರೀಕ್ಷೆ ಯಾರು ಮಾಡುತ್ತಾರೆ ಹೇಳಿ. ಗುರುತು ಹಾಕಿದ ಮೇಲೆ ಕಂಕುಳಿಂದ ಕೆಳಗಿನ ತುದಿವರೆಗೆ ಪಕ್ಕದ ಹೊಲಿಗೆ ಒಳಗೆ ಹಿಡಿಯುತ್ತಾರೆ. ಬರೀ ಬೆನ್ನಲ್ಲಿ ಸಡಿಲ ಇದ್ದರೆ ಎರಡು ಡಾರ್ಟ್, ಅಂದರೆ ಒಳಗೆ ಮಡಿಚಿ ಹೊಲಿದ ಉದ್ದ ಮಡಿಕೆ, ಹಾಕಿದರೂ ಸಾಕು. ಕಾಲರ್ ಗುಂಡಿ ಹಾಕಿದಾಗ ಎರಡು ಬೆರಳು ಹೋಗುವಷ್ಟು ಜಾಗ ಇರಬೇಕು. ತೋಳು ಮಣಿಕಟ್ಟಿನ ಎಲುಬಿಗೆ ಬಂದು ನಿಲ್ಲಬೇಕು.

ಪ್ಯಾಂಟಿನಲ್ಲಿ ಇನ್ನೂ ಅವಕಾಶ ಇದೆ. ಹೊಲಿಸಿದ ಪ್ಯಾಂಟಾದರೆ ಹಿಂದಿನ ನಡು ಹೊಲಿಗೆಯಲ್ಲಿ ಒಳಗೆ ಬಟ್ಟೆ ಬಿಟ್ಟಿರುತ್ತಾರೆ. ಸೊಂಟ ದಪ್ಪ ಆದರೆ ಒಂದು, ಒಂದೂವರೆ ಇಂಚು ಆರಾಮಾಗಿ ಬಿಡಿಸಬಹುದು. ಜೀನ್ಸಿಗೆ ಈ ಅನುಕೂಲ ಇಲ್ಲ. ನನ್ನ ಹಳೇ ಪ್ಯಾಂಟುಗಳ ಬಾಟಮ್, ಅಂದರೆ ಕಾಲಿನ ಕೆಳತುದಿಯ ಸುತ್ತಳತೆ, 18 ಇಂಚು ಇತ್ತು, 15ಕ್ಕೆ ಇಳಿಸಿದರು. ಬೂಟಿನ ಮೇಲೆ ಮೂರು ಮಡಿಕೆ ಬೀಳುತ್ತಿದ್ದ ಉದ್ದವನ್ನೂ ಕಡಿಮೆ ಮಾಡಿದರು. ನೂರು, ನೂರೈವತ್ತು ರೂಪಾಯಿಯ ಕೆಲಸ. ಆಫೀಸಿನಲ್ಲಿ ಎಲ್ಲರೂ ಹೊಸ ಪ್ಯಾಂಟಾ ಅಂತ ಕೇಳಿದರು.

ಇನ್ನೊಂದು ಹಳೇ ಪದ್ಧತಿ ಇದೆ, ಈಗಿನವರಿಗೆ ಗೊತ್ತೇ ಇಲ್ಲ. ಅಂಗಿ ಮೊದಲು ಸವೆಯುವುದು ಕಾಲರ್ ಮಡಿಕೆಯಲ್ಲಿ, ಕುತ್ತಿಗೆ ಉಜ್ಜುವ ಜಾಗದಲ್ಲಿ. ಉಳಿದ ಬಟ್ಟೆ ಗಟ್ಟಿ ಇರುತ್ತದೆ. ಕಾಲರನ್ನು ಕುತ್ತಿಗೆ ಪಟ್ಟಿಯಿಂದ ಬಿಚ್ಚಿ, ಮೇಲಿನದ್ದು ಕೆಳಗೆ ಮಾಡಿ ಮತ್ತೆ ಹೊಲಿದರೆ ಹೊಸ ಮೈ ಹೊರಗೆ ಬರುತ್ತದೆ. ಕಾಲರ್ ತುದಿಗೆ ಗುಂಡಿ ಹಾಕುವ ಅಂಗಿಗೆ ಇದು ಬೇಡ, ಕಾಜಾ, ಅಂದರೆ ಗುಂಡಿ ತೂರಿಸುವ ಸೀಳು, ಸರಿಯಾಗಿ ಕೂರುವುದಿಲ್ಲ. ಸಾದಾ ಕಾಲರಿಗೆ ಅಡ್ಡಿ ಇಲ್ಲ. ನನ್ನ ಬಿಳಿ ಅಂಗಿಗಳು ಹೀಗೆ ಇನ್ನೊಂದು ಆಯುಷ್ಯ ಪಡೆದಿವೆ.

ಇಷ್ಟಾದ ಮೇಲೆಯೇ ಹೊಸ ಬಟ್ಟೆ ವಿಚಾರ. ರೆಡಿಮೇಡ್‌ಗಿಂತ ಬಟ್ಟೆ ತಂದು ಹೊಲಿಸುವುದೇ ನನಗೆ ಹಿಡಿಸಿತು. ಖಡೇಬಜಾರ, ಗಣಪತ ಗಲ್ಲಿ, ಮಾರುತಿ ಗಲ್ಲಿ ಕಡೆ ಅಡ್ಡಾಡಿದರೆ ಸಿಗದ ಬಟ್ಟೆ ಇಲ್ಲ. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಪನ್ನಾ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ. 36 ಇಂಚು ಪನ್ನಾ ಇದ್ದರೆ ತುಂಬು ತೋಳಿನ ಅಂಗಿಗೆ ಸುಮಾರು ಎರಡೂವರೆ ಮೀಟರ್ ಬೇಕು. 58 ಇಂಚು ಆದರೆ 1.6 ಮೀಟರ್ ಸಾಕು. ಪ್ಯಾಂಟಿಗೆ 58 ಇಂಚಿನದ್ದು 1.2ರಿಂದ 1.3 ಮೀಟರ್. ಇದು ಗೊತ್ತಿದ್ದರೆ ಮೀಟರ್ ರೇಟು ಕಡಿಮೆ ಅಂತ ಸಣ್ಣ ಪನ್ನಾದ ಬಟ್ಟೆ ತಂದು ಜಾಸ್ತಿ ದುಡ್ಡು ಕೊಡುವುದು ತಪ್ಪುತ್ತದೆ. ಕಟ್ ಪೀಸ್ ರಾಶಿಯಲ್ಲಿ 1.6 ಮೀಟರಿನ ಒಳ್ಳೆ ಕಾಟನ್ ತುಂಡು ಸಿಕ್ಕರೆ ಅರ್ಧ ಬೆಲೆಗೆ ಅಂಗಿ ಆಗುತ್ತದೆ. ಕಾಟನ್ ಬಟ್ಟೆಯನ್ನು ಟೇಲರ್‌ಗೆ ಕೊಡುವ ಮೊದಲು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿ. ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ.

ಸಮಯವೂ ಮುಖ್ಯ. ಆಷಾಢದಲ್ಲಿ ಮದುವೆ ಇಲ್ಲ, ಅಂಗಡಿಗಳು ಸೇಲ್ ಹಾಕುತ್ತವೆ, ಟೇಲರ್ ಕೈ ಖಾಲಿ ಇರುತ್ತದೆ. ಗಣಪತಿ ಹಬ್ಬ ಹತ್ತಿರ ಬಂತು ಅಂದರೆ ಬೆಳಗಾವಿಯಲ್ಲಿ ಯಾವ ಟೇಲರೂ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ, ದೀಪಾವಳಿ ಮುಗಿಯುವ ತನಕ ಅದೇ ಕಥೆ. ನಾನು ವರ್ಷದ ಹೊಲಿಗೆಯನ್ನು ಆಷಾಢದಲ್ಲೇ ಮುಗಿಸುತ್ತೇನೆ. ಖಾದಿ ಮಾತ್ರ ಗಾಂಧಿ ಜಯಂತಿಗೆ ಕಾಯುತ್ತದೆ, ಆಗ ರಿಯಾಯಿತಿ ಸಿಗುತ್ತದೆ. ಖಾದಿ ನಮ್ಮ ಕಡೆಯ ಹೆಮ್ಮೆ ಕೂಡ. ರಾಷ್ಟ್ರಧ್ವಜದ ಖಾದಿ ಬಟ್ಟೆಯನ್ನು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಧಾರವಾಡದ ಗರಗದಲ್ಲೂ ನೇಯುತ್ತಾರೆ. ಅಂಥ ನೇಕಾರರ ಕೈಯ ಬಟ್ಟೆ ಮೈಮೇಲೆ ಇರುವುದು ನನಗೆ ನಿಜಕ್ಕೂ ಖುಷಿ ಕೊಡುತ್ತದೆ.

ಬಣ್ಣದ ಬಗ್ಗೆ ಉದ್ದ ಹೇಳುವುದಿಲ್ಲ. ನೇವಿ ಬ್ಲೂ, ಬೂದಿ, ಖಾಕಿ ಪ್ಯಾಂಟು. ಬಿಳಿ, ತಿಳಿ ನೀಲಿ, ಸಣ್ಣ ಗೆರೆಯ ಅಂಗಿ. ಯಾವ ಅಂಗಿ ಕೈಗೆ ಬಂದರೂ ಯಾವ ಪ್ಯಾಂಟಿಗೂ ಹೊಂದಬೇಕು. ಮೂರು ಪ್ಯಾಂಟು, ಆರು ಅಂಗಿ ಇದ್ದರೆ ಹದಿನೆಂಟು ಜೊತೆ ಆಯಿತು.

ಕಾಲಿಗೆ ಬಂದರೆ, ಒಂದು ಕಂದು ಲೆದರ್ ಬೂಟು ಮತ್ತು ಅದೇ ಬಣ್ಣದ ಬೆಲ್ಟಿಗೆ ಮಾತ್ರ ನಾನು ಕೈ ಬಿಚ್ಚಿ ಖರ್ಚು ಮಾಡಿದ್ದು. ಸೋಲ್ ಹೊಲಿದ ಬೂಟಾದರೆ ಸವೆದಾಗ ಬೇರೆ ಸೋಲ್ ಹಾಕಿಸಬಹುದು. ರಜೆ ದಿನಕ್ಕೆ, ಹಬ್ಬಕ್ಕೆ ಅಥಣಿ ಅಥವಾ ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ. ಇದಕ್ಕೆ 2019ರಲ್ಲಿ ಜಿಐ, ಅಂದರೆ ಇಂಥ ಊರಿನದ್ದೇ ವಸ್ತು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿವೆ. 2025ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್ ಶೋನಲ್ಲಿ ಇಂಥದ್ದೇ ಚಪ್ಪಲಿ ತೋರಿಸಿ ದೊಡ್ಡ ಸುದ್ದಿ ಆಯಿತು, ನೆನಪಿರಬೇಕು. ಅದನ್ನೇ ಮಾಡುವ ಕೈಗಳು ನಮ್ಮ ಜಿಲ್ಲೆಯಲ್ಲಿವೆ. ಸಾಧ್ಯವಾದರೆ ಮಾಡುವವರಿಂದಲೇ ಕೊಳ್ಳಿ, ದುಡ್ಡು ಅವರ ಮನೆಗೇ ಹೋಗುತ್ತದೆ. ಹೊಸದರಲ್ಲಿ ಕಚ್ಚುತ್ತದೆ. ಸ್ವಲ್ಪ ಎಣ್ಣೆ ಸವರಿ ಮನೆಯಲ್ಲೇ ಹಾಕಿ ಅಡ್ಡಾಡಿದರೆ ಕಾಲಿಗೆ ಒಗ್ಗುತ್ತದೆ. ನೀರು ಮಾತ್ರ ತಾಗಿಸಬೇಡಿ.

ನೀರು ಅಂದರೆ ನಮ್ಮೂರ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದೇ ಕಷ್ಟ. ಅರೆ ಒಣಗಿದ ಅಂಗಿ ಮಡಿಸಿಟ್ಟರೆ ವಾಸನೆ, ಬೆಲ್ಟ್ ಸುಮ್ನೆ ಬಿಟ್ಟರೆ ಬೂಷ್ಟು. ನಾನು ರಾತ್ರಿ ಫ್ಯಾನಿನ ಕೆಳಗೆ ಹ್ಯಾಂಗರ್‌ಗೆ ಹಾಕಿ, ಬೆಳಿಗ್ಗೆ ಇಸ್ತ್ರಿ ಮಾಡಿ ಸ್ವಲ್ಪ ಆರಿದ ಮೇಲೆ ಒಳಗಿಡುತ್ತೇನೆ. ಚಪ್ಪಲಿ, ಬೂಟಿನೊಳಗೆ ಹಳೇ ಪೇಪರ್. ಬೇಸಿಗೆಯಲ್ಲಿ ಬಟ್ಟೆ ಉಲ್ಟಾ ಮಾಡಿ ನೆರಳಲ್ಲಿ ಒಣಹಾಕುತ್ತೇನೆ, ಬಣ್ಣ ಉಳಿಯುತ್ತದೆ. ಖಾದಿಗೆ ಅನ್ನದ ಗಂಜಿ. ತೆಳ್ಳಗೆ ಸೋಸಿ ಅದ್ದಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿದರೆ ಕಾಲರ್ ನೆಟ್ಟಗೆ ನಿಲ್ಲುತ್ತದೆ.

ಮದುವೆಗೆ ಸೂಟು ಬೇಕಲ್ವಾ ಅಂತ ಕೇಳುವವರಿದ್ದಾರೆ. ವರ್ಷಕ್ಕೆ ಎರಡು ಸಲ ತೊಡುವ ಸೂಟಿಗೆ ಏಳೆಂಟು ಸಾವಿರ ಹಾಕುವುದು ನನ್ನಂಥವರಿಗೆ ಬೇಡ. ಬಿಳಿ ಖಾದಿಯ ನೆಹರು ಶರ್ಟ್, ಅಂದರೆ ಕುರ್ತಾದಂಥ ಉದ್ದ ಅಂಗಿ, ಇದೆ. ಅದರ ಮೇಲೆ ತೊಡಲು ಅಪ್ಪನ ಹಳೇ ಉಣ್ಣೆ ಕೋಟಿನ ಬಟ್ಟೆಯಲ್ಲಿ ತೋಳಿಲ್ಲದ ಜಾಕೀಟು ಮಾಡಿಕೊಡಿ ಅಂತ ಕಾಕಾನಿಗೆ ಕೇಳಿದ್ದೇನೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನುಸಿ ತಿಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, "ಆಗ್ತೈತ್ರಿ, ಒಳಗಿನ ಅಸ್ತರ ಮಾತ್ರ ಹೊಸಾದು ತರ್ರಿ" ಅಂದಿದ್ದಾರೆ. ಈ ತಿಂಗಳ ಸಾವಿರ ಅದಕ್ಕೇ.